ಖಾತೆಗೆ ಹೆಸರಿಟ್ಟವರು

ಕನ್ನಡದಲ್ಲಿ ‘ಖಾತೆ’ಯಷ್ಟು ದುಡಿಯುವ ಪದ ಇನ್ನೊಂದು ಇರಲಾರದು. ಬ್ಯಾಂಕಿನಲ್ಲಿ ದುಡ್ಡಿಟ್ಟರೆ ಖಾತೆ, ಮಂತ್ರಿಯಾದವನಿಗೆ ಸಿಗುವುದು ಖಾತೆ, ದಿನಸಿ ಅಂಗಡಿಯಲ್ಲಿ ಸಾಲ ಬರೆಸಿದರೆ ಖಾತೆ, ಜಮೀನು ಯಾರದೆಂದು ಕೇಳಿದರೆ ಅದೂ ಖಾತೆಯೇ. ಈಗ ಈ ಪದದ ತಲೆಯ ಮೇಲೆ ಮತ್ತೊಂದು ಹೊರೆ ಬರುತ್ತಿದೆ. 2025ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯ ಕಾನೂನಿನಲ್ಲಿ ‘ಡಿಸ್ಟ್ರಿಬ್ಯೂಟೆಡ್ ಲೆಡ್ಜರ್’ ಎಂಬ ಎರಡು ಮಾತುಗಳನ್ನು ಸೇರಿಸಿತು. ಅನ್ವಯ 2026ರ ಏಪ್ರಿಲ್ 1ರಿಂದ. ಬಿಟ್‌ಕಾಯಿನ್ ಮೊದಲಾದ ಕಾಣದ ನಾಣ್ಯಗಳನ್ನು ತೆರಿಗೆಯ ಬಲೆಗೆ ಪೂರ್ತಿಯಾಗಿ ತರಲು ಅವು ನಿಂತಿರುವ ಲೆಕ್ಕದ ಪುಸ್ತಕವನ್ನೇ ಕಾನೂನು ಹೆಸರಿಸಬೇಕಾಯಿತು.

ಊರಿನ ಮಾತಿನಲ್ಲಿ ಹೇಳುವುದಾದರೆ ಸಂಗತಿ ಇಷ್ಟು. ಒಂದೇ ಲೆಕ್ಕದ ಹತ್ತು ಪ್ರತಿಗಳನ್ನು ಹತ್ತು ಅಂಗಡಿಯವರು ತಮ್ಮ ತಮ್ಮ ಗಲ್ಲಾದ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಒಬ್ಬನು ಹೊಸ ಬಾಬ್ತನ್ನು ಬರೆಯಬೇಕಾದರೆ ಉಳಿದವರು ಒಪ್ಪಬೇಕು. ಒಪ್ಪಿದ ಮೇಲೆ ಅದು ಹತ್ತೂ ಪುಸ್ತಕಗಳಿಗೆ ಏರುತ್ತದೆ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಒಂದು ಗುರುತಿರುತ್ತದೆ. ಹಳೆಯ ಪುಟದಲ್ಲಿ ಒಂದು ಸೊನ್ನೆಯನ್ನು ತಿದ್ದಿದರೂ ಮುಂದಿನ ಪುಟಗಳ ಗುರುತುಗಳು ಹೊಂದದೆ ಕಳ್ಳತನ ಬಯಲಾಗುತ್ತದೆ. ಅಂಗಡಿಗಳ ಬದಲು ಸಾವಿರಾರು ಕಂಪ್ಯೂಟರುಗಳನ್ನು ಇಟ್ಟರೆ 2009ರಲ್ಲಿ ಶುರುವಾದ ಬಿಟ್‌ಕಾಯಿನ್ನಿನ ಏರ್ಪಾಡಾಯಿತು. ಅದರ ಹಿಂದಿನ ವರ್ಷ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಅದರ ವಿವರವನ್ನು ಬರೆದು ಹಂಚಿದ್ದರು. ಬರೆದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಲೆಕ್ಕ ಬರೆಯುವವನನ್ನು ನಂಬಬೇಕಾದ ಅಗತ್ಯವೇ ಇಲ್ಲದ ಪುಸ್ತಕ ಇದು ಎಂಬುದೇ ಅದರ ದೊಡ್ಡ ಹೆಚ್ಚುಗಾರಿಕೆ ಎನ್ನುತ್ತಾರೆ.

ಲೆಕ್ಕ ಬರೆಯುವವನನ್ನು ನಂಬುವುದು, ನಂಬದಿರುವುದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮಗೆ ಹೊಸ ಸಮಸ್ಯೆಯಲ್ಲ. ಒಂದೇ ಮಣ್ಣಿಗೆ ಎರಡು ಸರಕಾರಗಳು ಎರಡು ಬಗೆಯ ಪುಸ್ತಕಗಳನ್ನು ಬರೆದ ಸೀಮೆ ಇದು. ಆ ಪುಸ್ತಕಗಳ ಹೆಸರುಗಳನ್ನು ಕೆದಕಿದರೆ ಅಧಿಕಾರದ ಚರಿತ್ರೆಯೇ ಹೊರಬರುತ್ತದೆ.

ಮೊದಲಿಗೆ ಕಡತ. ಇಂದು ಸರಕಾರಿ ಕನ್ನಡದಲ್ಲಿ ಕಡತವೆಂದರೆ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಒಂದು ಮೊಳಕ್ಕಿಂತ ಕಡಿಮೆ ಅಗಲದ ಉದ್ದನೆಯ ಹತ್ತಿಬಟ್ಟೆಗೆ ಹುಣಸೆ ಬೀಜದ ಗಂಜಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರೂ ಬಳಿಜಿಗರೂ ಇದನ್ನೇ ಬಳಸುತ್ತಿದ್ದರು. 19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಗ್ರಂಥದಲ್ಲಿ ಇದನ್ನು ಬಹಳ ಆಸಕ್ತಿಯಿಂದ ವರ್ಣಿಸಿದ್ದಾನೆ. ಅವನ ಕಣ್ಣಿಗೆ ಬಿದ್ದ ಮುಖ್ಯ ಗುಣವೆಂದರೆ, ಕಡತವನ್ನು ಒರೆಸಬಹುದು, ಒರೆಸಿ ಮತ್ತೆ ಮಸಿ ಬಳಿದು ಬರೆಯಬಹುದು. ಹಾಗಿದ್ದೂ ಅದು ಬಾಳಿಕೆ ಬರುವ ವಸ್ತು.

ಇಂದಿನ ಕಂಪ್ಯೂಟರ್ ಪಂಡಿತರು ಕೇಳಿದರೆ ಬೆಚ್ಚಿಬೀಳಬಹುದಾದ ಪುಸ್ತಕ. ಒರೆಸಬಹುದಾದ ಖಾತೆಯನ್ನು ನಂಬುವುದು ಹೇಗೆ? ಜನ ನಂಬಿದ್ದು ಬಟ್ಟೆಯನ್ನಲ್ಲ, ಅದನ್ನು ಮಡಿಸಿ ಇಟ್ಟುಕೊಂಡ ಮನೆತನವನ್ನು. ಶಾನುಭೋಗಿಕೆ ವಂಶಪಾರಂಪರ್ಯವಾಗಿ ಬಂದದ್ದು. ಅವನು ಅದೇ ಊರಿನಲ್ಲಿ ಬದುಕಿ ಅಲ್ಲಿಯೇ ಸಾಯಬೇಕಾದವನು. ಹಾಗೆಂದು ಅವನೆಲ್ಲ ಧರ್ಮರಾಯನೇನಲ್ಲ. ಬಳಪದ ಒಂದು ಗೀಟಿನಿಂದ ಒಬ್ಬನ ಹೊಲ ಇನ್ನೊಬ್ಬನ ಪಾಲಾದ ಕಥೆಗಳು ಪ್ರತಿ ಊರಿನಲ್ಲೂ ಇವೆ. ಓದಲು ಬಾರದ ದಲಿತನೂ, ಕನ್ನಡದ ಲೆಕ್ಕ ತಿಳಿಯದ ಸಾಬರೂ ಆ ಗೀಟನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ.

ಕಡತ ಅಚ್ಚಕನ್ನಡದ ವಸ್ತುವಾದರೂ ಅದರೊಳಗೆ ಬರೆದ ಮಾತುಗಳಲ್ಲಿ ಅರ್ಧದಷ್ಟು ದೂರದಿಂದ ಬಂದವು. ಜಮಾ, ಖರ್ಚು, ಬಾಕಿ, ವಸೂಲಿ, ಅಸಲು, ನಕಲು, ರಸೀದಿ, ದಾಖಲೆ, ಹಕ್ಕು, ಹಿಸ್ಸೆ, ತಹಶೀಲು. ಬಿಜಾಪುರದ ಆಡಳಿತ, ಶಿರಾದ ಮೊಗಲರ ಸುಬಾ, ಮರಾಠರ ಲೆಕ್ಕದವರು, ಕೊನೆಗೆ ಹೈದರ್ ಮತ್ತು ಟಿಪ್ಪು ಹೀಗೆ ಒಬ್ಬರ ಹಿಂದೆ ಒಬ್ಬರಂತೆ ಈ ಅರಬ್ಬಿ, ಪಾರಸಿ ಮಾತುಗಳನ್ನು ಕನ್ನಡದ ಹೊಲಗದ್ದೆಗಳಲ್ಲಿ ಬಿತ್ತಿದರು. ‘ರೈತ’ನೇ ಅರಬ್ಬಿಯವನು, ಮೂಲದಲ್ಲಿ ಆ ಮಾತಿಗೆ ಕಾಯಲ್ಪಡುವ ಮಂದೆ, ಪ್ರಜೆ ಎಂಬ ಅರ್ಥ. ‘ದಫ್ತರು’ ಪಾರಸಿಯ ಮೂಲಕ ಬಂದದ್ದಾದರೂ ಅದರ ಬೇರು ಗ್ರೀಕಿನಲ್ಲಿದೆ. ಅಲ್ಲಿ ಅದರ ಅರ್ಥ ಹದ ಮಾಡಿದ ತೊಗಲು. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡದ ವರ್ಣಮಾಲೆಗೆ ಬಂದ ನಮ್ಮಂಥವರಿಗೆ ತಾಲ್ಲೂಕು ಕಚೇರಿಯ ಅರ್ಜಿಗಳು ಎರಡು ಮನೆಗಳ ಮಾತನ್ನೂ ಒಟ್ಟಿಗೆ ಆಡುತ್ತಿರುವಂತೆ ಕೇಳಿಸುತ್ತವೆ.

ಟಿಪ್ಪುವಿನ ನಾಣ್ಯಗಳ ವಿಷಯವನ್ನು ಇಲ್ಲಿ ಹೇಳಲೇಬೇಕು. ಅವನು ತನ್ನ ನಾಣ್ಯಗಳಿಗೆಲ್ಲ ಹೊಸದಾಗಿ ಹೆಸರಿಟ್ಟ. ಚಿನ್ನದ ನಾಣ್ಯಗಳು ಅಹಮದಿ, ಸಿದ್ದೀಕಿ, ಫಾರೂಕಿ. ಬೆಳ್ಳಿಯ ಎರಡು ರೂಪಾಯಿ ಹೈದರಿ, ಒಂದು ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಕಿರಿ. ಪ್ರವಾದಿಯವರ, ಖಲೀಫರ, ಇಮಾಮರ ನೆನಪು ಹೊತ್ತ ಚಂದದ ಹೆಸರುಗಳು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಜನರ ಬಾಯಲ್ಲಿ ಉಳಿಯಲಿಲ್ಲ. ಆದರೆ ಯಾವ ಸುಲ್ತಾನನ ಹುಕುಮೂ ಇಲ್ಲದೆ ಬಂದ ‘ಬಾಕಿ’, ‘ವಸೂಲಿ’ಗಳು ಇಂದಿಗೂ ನಮ್ಮನ್ನು ಬಿಟ್ಟಿಲ್ಲ!

ಆ ಯುದ್ಧದ ಬಳಿಕವೇ ನಮ್ಮ ಸೀಮೆ ಒಡೆಯಿತು. ಈಗಿನ ಹನೂರು ತಾಲ್ಲೂಕನ್ನೂ ಒಳಗೊಂಡ ಕೊಳ್ಳೇಗಾಲ ಕಂಪನಿಯವರ ಪಾಲಾಗಿ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನ ಒಡೆಯರಿಗೆ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಪೂರ್ಣಯ್ಯ ಟಿಪ್ಪುವಿನ ಲೆಕ್ಕವನ್ನೂ ನೋಡಿದವರು, ಅವನ ನಂತರ ಬಂದವರ ಲೆಕ್ಕವನ್ನೂ ನೋಡಿದವರು. ರಾಜರು ಬದಲಾದರೂ ಲೆಕ್ಕದವರು ಬದಲಾಗುವುದಿಲ್ಲ ಎಂಬುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅದರ ಆಚೆಗೊಂದು ಭಾಷೆ, ಈಚೆಗೊಂದು ಭಾಷೆ. ಎರಡೂ ಕಡೆ ಜನ ಆಡುತ್ತಿದ್ದುದು ಕನ್ನಡವೇ, ಆದರೆ ಮಣ್ಣಿನ ಪುಸ್ತಕಗಳು ಬೇರೆ. ಕೊಳ್ಳೇಗಾಲದ ಕಡೆ ಮದ್ರಾಸಿನ ರೈತವಾರಿ ಪದ್ಧತಿಯ ಪಟ್ಟಾ, ಚಿಟ್ಟಾ, ಅಡಂಗಲ್, ಬರೆಯುವವನು ಕರ್ಣಂ, ಹಲವು ಹಳ್ಳಿಗಳು ಸೇರಿದರೆ ಫಿರ್ಕಾ. ಮೈಸೂರು ಸೀಮೆಯಲ್ಲಿ 1863ರ ನಂತರ ಮುಂಬಯಿ ಪದ್ಧತಿಯ ಮೋಜಣಿ ಬಂದು ಖಾತೆ, ಪಹಣಿ, ಆಕಾರಬಂದುಗಳು ನೆಲೆಯೂರಿದವು, ಬರೆಯುವವನು ಶಾನುಭೋಗ, ಹಳ್ಳಿಗಳು ಸೇರಿದರೆ ಹೋಬಳಿ. ‘ಪಹಣಿ’ ಮರಾಠಿಯಿಂದ ಬಂದದ್ದು, ನೋಡುವುದು ಎಂದರ್ಥ. ‘ಫಿರ್ಕಾ’ ಮತ್ತೆ ಅರಬ್ಬಿ. ನಮ್ಮ ಮೌಲವಿಗಳು ಪಂಗಡ ಎಂಬರ್ಥದಲ್ಲಿ ಬಳಸುವ ಪದವನ್ನೇ ಮದ್ರಾಸಿನ ಕಂದಾಯದವರು ಹಳ್ಳಿಗಳ ಗುಂಪಿಗೆ ಇಟ್ಟಿದ್ದರು. ಮದ್ರಾಸಿನ ಪುಸ್ತಕದಲ್ಲಿ ವರ್ಷವೂ ಬೇರೆ. ಅಕ್ಬರನ ಕಾಲದಿಂದ ಬಂದ ಫಸಲಿ ವರ್ಷ ಅವರದು. ಜುಲೈಗೆ ಶುರು, ಜೂನಿಗೆ ಮುಗಿತಾಯ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದು ಫಸಲಿ 1366ನೇ ವರ್ಷ. ಆ ಒಂದೇ ಫಸಲಿಯ ಮೊದಲ ನಾಲ್ಕು ತಿಂಗಳು ಮದ್ರಾಸಿನವು, ಉಳಿದ ಎಂಟು ಮೈಸೂರಿನವು. ಬಿತ್ತುವಾಗ ಒಂದು ರಾಜ್ಯ, ಕುಯ್ಯುವಾಗ ಇನ್ನೊಂದು. ಕನ್ನಡಿಗರು ಒಂದಾದ ಸಂತೋಷ ದೊಡ್ಡದು, ಅದನ್ನು ಸಣ್ಣದು ಮಾಡುವ ಮನಸ್ಸು ನಮಗಿಲ್ಲ. ಆದರೆ ಆ ದಿನ ರೈತನ ಕೈಯಲ್ಲಿದ್ದ ಪಟ್ಟಾ ಅವನ ಹೊಸ ಸರಕಾರದ ಮಾತಿನಲ್ಲಿ ಏನು? ಹೊಲ ಇದ್ದಲ್ಲಿಯೇ ಇತ್ತು, ಬದು ಇದ್ದಲ್ಲಿಯೇ ಇತ್ತು, ಬೇವಿನ ಮರ ಕೂಡ ಕದಲಲಿಲ್ಲ. ಪುಸ್ತಕದ ಹೆಸರು ಮಾತ್ರ ಬದಲಾಯಿತು. ಹಾಗೆ ಬದಲಾಗುವಾಗೆಲ್ಲ ‘ಇದು ನನ್ನದು’ ಎಂದು ಮತ್ತೊಮ್ಮೆ ತೋರಿಸುವ ಹೊಣೆ ಇದ್ದವನ ಮೇಲೆ ಬೀಳುತ್ತದೆ.

1961ರ ಕಾಯ್ದೆಯೊಂದು ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಬಗೆಯ ಪುಸ್ತಕವನ್ನು ಕೊಟ್ಟಿತು. ಅದರ 133ನೇ ಕಲಮಿನ ತಾತ್ಪರ್ಯ ಇಷ್ಟು: ಹಕ್ಕುಗಳ ದಾಖಲೆಯಲ್ಲಿ ಬರೆದದ್ದನ್ನು ನಿಜವೆಂದೇ ಭಾವಿಸಬೇಕು, ಸುಳ್ಳೆಂದು ಸಾಬೀತಾಗುವ ತನಕ ಅಥವಾ ಕಾನೂನು ಪ್ರಕಾರ ಬದಲಾಗುವ ತನಕ. ಇದು ಬಹಳ ವಿವೇಕದ ಮಾತು ಎಂದು ನಮಗೆ ತೋರುತ್ತದೆ. ಪುಸ್ತಕಕ್ಕೆ ಗೌರವವಿದೆ, ಅದು ವೇದವಾಕ್ಯವಲ್ಲ. ತಿದ್ದುವ ಬಾಗಿಲೊಂದು ತೆರೆದೇ ಇದೆ.

ಕಾನೂನಿನಲ್ಲಿ ಈ ವಿವೇಕ ಹಳೆಯದು. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಲೆಕ್ಕದ ಪುಸ್ತಕಗಳ ಬಗ್ಗೆ ಹೇಳುತ್ತ, ಕ್ರಮವಾಗಿ ಬರೆದಿಟ್ಟ ಪುಸ್ತಕವನ್ನು ಕೋರ್ಟು ನೋಡಬಹುದು, ಆದರೆ ಅದೊಂದರ ಮೇಲೆಯೇ ಯಾರನ್ನೂ ಸಾಲಗಾರನೆಂದು ತೀರ್ಮಾನಿಸುವಂತಿಲ್ಲ ಎಂದಿತು. ಒಬ್ಬನು ಸಾವಿರ ರೂಪಾಯಿಗೆ ದಾವೆ ಹೂಡಿ ತನ್ನ ಪುಸ್ತಕವನ್ನು ತೋರಿಸಿದರೆ ಸಾಲದು, ಬೇರೆ ಸಾಕ್ಷ್ಯ ಬೇಕು ಎಂಬ ಉದಾಹರಣೆಯನ್ನೂ ಅಲ್ಲಿ ಕೊಟ್ಟಿದ್ದರು. ಆ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಕುರ್‌ಆನಿನ ಅತಿ ಉದ್ದದ ವಚನ ನಮಾಜಿನ ಬಗ್ಗೆಯೋ ಸ್ವರ್ಗ ನರಕಗಳ ಬಗ್ಗೆಯೋ ಇಲ್ಲ, ಸಾಲವನ್ನು ಬರೆದಿಡುವ ಬಗ್ಗೆ ಇದೆ. ಅಲ್ ಬಕರ ಅಧ್ಯಾಯದ 282ನೇ ವಚನ. ಅಲ್ಲಿ ಬರೆಯುವವನು ನ್ಯಾಯವಾಗಿ ಬರೆಯಬೇಕು, ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು, ಅವನು ಅಶಕ್ತನಾಗಿದ್ದರೆ ಅವನ ಪರವಾಗಿ ಪೋಷಕ, ಮೇಲೆ ಸಾಕ್ಷಿಗಳು, ಬರೆದವನಿಗೂ ಸಾಕ್ಷಿ ಹೇಳಿದವನಿಗೂ ತೊಂದರೆ ಕೊಡಕೂಡದು. ದುರ್ಬಲನ ಬಾಯಿಂದ ಲೆಕ್ಕ ಹೊರಡಬೇಕು ಎಂಬ ಈ ಏರ್ಪಾಡನ್ನು ನಾವು ಓದುತ್ತೇವೆ, ಮುತ್ತಿಡುತ್ತೇವೆ. ಅಂಗಡಿ ಬಾಗಿಲು ತೆರೆದ ಮೇಲೆ ಎಷ್ಟು ಮಂದಿ ಪಾಲಿಸುತ್ತೇವೆ ಎಂಬುದು ಬೇರೆ ಪ್ರಶ್ನೆ.

ಕೈಬರಹದ ಪಹಣಿಯ ಕಾಲವೂ ಮುಗಿಯಿತು. ಹೊಸ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು. ಗ್ರಾಮಲೆಕ್ಕಿಗನ ಮನೆ ಬಾಗಿಲು ಕಾಯುವುದು ತಪ್ಪಿತು, ಇದು ಸಣ್ಣ ವಿಷಯವಲ್ಲ. ಆದರೆ ಕೈಬರಹದ ತಪ್ಪುಗಳೂ ಪುಸ್ತಕದ ಜೊತೆಗೇ ಕಂಪ್ಯೂಟರಿನೊಳಕ್ಕೆ ಹೋಗಿ ಅಚ್ಚುಕಟ್ಟಾದ ಅಕ್ಷರದಲ್ಲಿ ಹೊರಬಂದವು. ಅಚ್ಚಾದದ್ದರ ಮುಂದೆ ಬಡವನ ಬಾಯಿ ಇನ್ನಷ್ಟು ಕಟ್ಟುತ್ತದೆ.

ಪಹಣಿಯ 9ನೇ ಕಾಲಮಿನಲ್ಲಿ ಮಾಲೀಕನ ಹೆಸರಿರುತ್ತದೆ. ಅವನು ಸತ್ತರೆ ವಾರಸುದಾರರ ಹೆಸರಿಗೆ ಆಗುವುದು ‘ಪೌತಿ ಖಾತೆ’. ದಖನಿ ಉರ್ದುವಿನಲ್ಲಿ ಯಾರಾದರೂ ತೀರಿಕೊಂಡರೆ ‘ಫೌತ್ ಹೋಗಯೆ’ ಎನ್ನುತ್ತೇವಲ್ಲ, ಅದೇ ಫೌತ್ ಇದು. ಪೌತಿ ಖಾತೆ ಎಂದರೇನಮ್ಮಾ ಎಂದು ಕೇಳಿದ ನಮ್ಮ ಕಡೆಯ ಒಬ್ಬ ಅಜ್ಜಿಗೆ ಹೀಗೆಂದು ಬಿಡಿಸಿ ಹೇಳಿದಾಗ, “ಅಯ್ಯೋ ಬೇಟಾ, ಇದು ನಮ್ಮದೇ ಮಾತು, ಇಷ್ಟು ದಿನ ಯಾರೂ ಹೇಳಲಿಲ್ವಲ್ಲ” ಎಂದರು. ಮಾತು ಅವರದಾಗಿತ್ತು. ಖಾತೆಯಲ್ಲಿ ಅವರ ಹೆಸರಿರಲಿಲ್ಲ. ಅಣ್ಣತಮ್ಮಂದಿರದು ಮಾತ್ರ ಇತ್ತು.

ಇಲ್ಲಿ ಕಾನೂನಿನ ಪದವೊಂದು ಮಾಡಿದ ಕೆಲಸವನ್ನು ನೋಡಬೇಕು. 1937ರ ಷರೀಅತ್ ಅನ್ವಯ ಕಾಯ್ದೆ ಮುಸ್ಲಿಮರ ವಾರಸು ವಿಚಾರಗಳಿಗೆ ಷರೀಅತ್ತೇ ನಿಯಮ ಎಂದಿತಾದರೂ ಕೃಷಿ ಭೂಮಿಯನ್ನು ಹೊರಗಿಟ್ಟಿತು. 1935ರ ಕಾಯ್ದೆಯ ಪ್ರಕಾರ ಕೃಷಿ ಭೂಮಿ ಪ್ರಾಂತ್ಯಗಳ ವಿಷಯವಾಗಿತ್ತು ಎಂಬುದು ಕಾರಣ. ಮದ್ರಾಸಿನವರು 1949ರಲ್ಲಿ ತಿದ್ದುಪಡಿ ತಂದು ಆ ಹೊರಗಿಡುವ ಮಾತನ್ನು ತೆಗೆದುಹಾಕಿದರು. ಆಗ ಕೊಳ್ಳೇಗಾಲ ಮದ್ರಾಸಿನಲ್ಲೇ ಇತ್ತು. ಮಗಳಿಗೆ ಹೊಲದಲ್ಲಿ ಹಿಸ್ಸೆ ಇದೆಯೋ ಇಲ್ಲವೋ ಎಂಬುದು ಎರಡು ಪದಗಳ ಮೇಲೆ ನಿಂತಿತ್ತು. ಕಾನೂನಿನಲ್ಲಿ ಪದ ಬಂದರೂ ಖಾತೆಯಲ್ಲಿ ಹೆಸರು ಬರುವುದಕ್ಕೆ ಮನೆಯ ಗಂಡಸರು ಬಿಡಬೇಕಿತ್ತು. ಬಿಟ್ಟವರು ಕಡಿಮೆ. ಇಂಥ ಖಾತೆಯನ್ನು ಯಾರೂ ತಿದ್ದಲಾಗದ ಪುಸ್ತಕಕ್ಕೆ ಏರಿಸಿದರೆ ಉಳಿಯುವುದು ಯಾವ ಸತ್ಯ? ಒರೆಸಬಹುದಾದ ಕಡತದಿಂದ ಮೋಸವಾಗುತ್ತಿತ್ತು, ನಿಜ. ಅದೇ ಕಡತದಲ್ಲಿ ತಂಗಿಯ ಹೆಸರನ್ನು ಸೇರಿಸುವುದೂ ಸಾಧ್ಯವಿತ್ತು.

ಪುಸ್ತಕದಲ್ಲಿ ಹೆಸರೇ ಇಲ್ಲದವರ ಕಥೆಯೂ ನಮ್ಮ ಸೀಮೆಯಲ್ಲಿದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ, ಹನೂರಿನ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಾಡಿನಲ್ಲಿ ಎಷ್ಟೋ ತಲೆಮಾರು ಬದುಕಿದರೂ ಕಂದಾಯದ ಯಾವ ಖಾತೆಗೂ ಅವರ ಪೋಡುಗಳು ಸಿಕ್ಕಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯೂ 2008ರ ಅದರ ನಿಯಮಗಳೂ ಬಂದಾಗ ಒಂದು ಅಪರೂಪದ ಸಂಗತಿ ನಡೆಯಿತು. ಅರ್ಜಿದಾರರಲ್ಲದ ಹಿರಿಯರು ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎಂದು ಕಾನೂನು ಒಪ್ಪಿತು. ಯಾವ ಕಲ್ಲು ಯಾವ ಕುಲದ ದೇವರದು, ಯಾವ ಹಳ್ಳದಲ್ಲಿ ಯಾರು ಜೇನು ಕೀಳುತ್ತಿದ್ದರು ಎಂಬ ಲೆಕ್ಕ ಹಲವು ಮುದುಕರ ತಲೆಗಳಲ್ಲಿ ಹಂಚಿಹೋಗಿತ್ತು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುವರು, ಒಬ್ಬರು ತಪ್ಪಿದರೆ ಮತ್ತೊಬ್ಬರು ತಡೆಯುವರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಹಂಚಿಟ್ಟ ಖಾತೆ ಎಂದು ಯಾವುದನ್ನಾದರೂ ಕರೆಯುವುದಾದರೆ ನಾವು ಮೊದಲು ಇದನ್ನೇ ಕರೆಯುತ್ತೇವೆ.

ಈ ಹಿನ್ನೆಲೆಯಲ್ಲಿ ಹೊಸ ಪದದ ಕಡೆ ತಿರುಗಿದರೆ, ದೆಹಲಿ ಮತ್ತು ಮುಂಬಯಿಯ ಕಚೇರಿಗಳು ಅದಕ್ಕೆ ಹೆಸರಿಡಲು ಪಟ್ಟ ಪಾಡು ಕಾಣುತ್ತದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ‘ವರ್ಚುಯಲ್ ಕರೆನ್ಸಿ’ಗಳ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ಅದನ್ನು ರದ್ದು ಮಾಡಿತು. ನಡುವೆ 2019ರಲ್ಲಿ ಹೊರಬಂದ ಸುಭಾಷ್ ಚಂದ್ರ ಗರ್ಗ್ ಸಮಿತಿಯ ವರದಿ ಖಾಸಗಿ ನಾಣ್ಯ ಬೇಡ, ಅದರ ಪುಸ್ತಕದ ತಂತ್ರ ಮಾತ್ರ ಬೇಕು ಎಂದಿತು. 2022ರ ಹಣಕಾಸು ಕಾಯ್ದೆ ನಾಣ್ಯವೆನ್ನದೆ ‘ವರ್ಚುಯಲ್ ಡಿಜಿಟಲ್ ಆಸ್ತಿ’ ಎಂದು ಹೊಸ ಹೆಸರಿಟ್ಟು, ಅದರ ಲಾಭದ ಮೇಲೆ ಶೇಕಡಾ 30ರ ತೆರಿಗೆ ಹಾಕಿತು. ಮಾಹಿತಿಯೋ ಸಂಕೇತವೋ ಸಂಖ್ಯೆಯೋ ಟೋಕನ್ನೋ, ಯಾವ ಹೆಸರಿನಿಂದ ಕರೆದರೂ ಸರಿ ಎಂಬ ಧಾಟಿಯ ವ್ಯಾಖ್ಯೆ ಅದು. ಹೆಸರು ಸಿಗದಿದ್ದಾಗ ಕಾನೂನು ಹೀಗೆ ಬಲೆಯನ್ನು ಅಗಲ ಮಾಡುತ್ತದೆ. ಅದೇ ಕಾಯ್ದೆ ರಿಸರ್ವ್ ಬ್ಯಾಂಕ್ ಕಾನೂನಿನ ‘ಬ್ಯಾಂಕ್ ನೋಟು’ ಎಂಬ ಮಾತಿನೊಳಗೆ ಡಿಜಿಟಲ್ ನೋಟನ್ನೂ ಸೇರಿಸಿತು. 2022ರ ಡಿಸೆಂಬರ್ 1ರಂದು ಜನಸಾಮಾನ್ಯರ ಇ-ರೂಪಾಯಿಯ ಪ್ರಯೋಗ ಶುರುವಾದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. 2025ಕ್ಕೆ ಬಂದು ‘ಡಿಸ್ಟ್ರಿಬ್ಯೂಟೆಡ್ ಲೆಡ್ಜರ್ ಅಥವಾ ಅಂಥದೇ ತಂತ್ರಜ್ಞಾನ’ವನ್ನು ನೆಚ್ಚಿದ ಕ್ರಿಪ್ಟೋ ಆಸ್ತಿ ಎಂಬ ವಿವರಣೆ ಸೇರಿತು.

ಹೊರದೇಶಗಳಲ್ಲೂ ಇದೇ ತಿಣುಕಾಟ. ಯುರೋಪಿನ ಒಕ್ಕೂಟ 2023ರ ತನ್ನ ಕಾನೂನಿನಲ್ಲಿ, ಹಲವು ಕಡೆ ಒಂದೇ ಆಗಿ ಇಟ್ಟುಕೊಂಡು ಒಮ್ಮತದಿಂದ ಹೊಂದಿಸಿಕೊಳ್ಳುವ ವ್ಯವಹಾರಗಳ ದಾಖಲೆ ಎಂಬ ಅರ್ಥದ ವ್ಯಾಖ್ಯೆ ಕೊಟ್ಟಿತು. ನಮ್ಮ ಯಳಂದೂರು ತಾಲ್ಲೂಕಿಗಿಂತಲೂ ಚಿಕ್ಕದಾದ ಲಿಕ್ಟನ್‌ಸ್ಟೈನ್ ಎಂಬ ದೇಶ 2020ರ ಜನವರಿಯಿಂದ ಜಾರಿಗೆ ತಂದ ಕಾನೂನಿನಲ್ಲಿ ಲೆಡ್ಜರಿನ ಗೋಜಿಗೇ ಹೋಗದೆ ‘ನಂಬಲರ್ಹ ತಂತ್ರಜ್ಞಾನ’ ಎಂದು ಕರೆದುಬಿಟ್ಟಿತು. ನಂಬಿಕೆಯೇ ಬೇಕಿಲ್ಲ ಎಂದು ಹುಟ್ಟಿದ ವಸ್ತುವಿಗೆ ನಂಬಿಕೆಯ ಹೆಸರು!

ನಮ್ಮ ಕಾನೂನಿನ ಬಗ್ಗೆ ನಮಗಿರುವ ತಕರಾರು ಪದದ ಚಂದದ್ದಲ್ಲ. 1872ರ ಕಾನೂನು ಲೆಕ್ಕದ ಪುಸ್ತಕವನ್ನು ಹೆಸರಿಸಿ ಅದಕ್ಕೆಷ್ಟು ಬೆಲೆ ಎಂದು ಹೇಳಿತು. 1964ರ ಕಾನೂನು ಪಹಣಿಯನ್ನು ಎಲ್ಲಿಯವರೆಗೆ ನಂಬಬೇಕೆಂದು ಹೇಳಿತು. 2025ರ ಮಾತು ತೆರಿಗೆಗಾಗಿ ಬಂದದ್ದು, ತೆರಿಗೆಯ ಆಚೆಗೆ ಅದು ನೋಡುವುದಿಲ್ಲ. ಈ ಹೊಸ ಪುಸ್ತಕದಲ್ಲಿ ತಪ್ಪಾದರೆ ಯಾರನ್ನು ಕೇಳಬೇಕು, ತಿದ್ದುವ ಬಾಗಿಲು ಎಲ್ಲಿದೆ ಎಂಬ ಮಾತು ಆ ವಿವರಣೆಯಲ್ಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರುಗಳಿಗೆ ಮುಂಗಡ ಕೊಟ್ಟ ಸಾಹುಕಾರನ ಬಳಿ ಒಂದು ಪುಸ್ತಕ, ರೀಲರನ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇರುತ್ತಿತ್ತು. ಎರಡೂ ತಾಳೆಯಾಗದಿದ್ದರೆ ಇಬ್ಬರಿಗೂ ಗೊತ್ತಿದ್ದ ಮೂರನೆಯವರ ಬಳಿಗೆ ಹೋಗುತ್ತಿದ್ದರು. ಎರಡು ಪ್ರತಿಗಳ ಪುಸ್ತಕ ಅದು, ಜೊತೆಗೆ ಜಗಳ ಬಿಡಿಸುವ ಒಬ್ಬ ಮನುಷ್ಯ.

ಇನ್ನು ಕನ್ನಡದ ಹೆಸರು. ‘ವಿತರಿತ ಖಾತೆ’ ಎಂದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ವಿತರಿಸಿದ ಲೆಕ್ಕದಂತೆ ಕೇಳಿಸುತ್ತದೆ. ‘ಹಂಚಿಕೆ ಖಾತೆ’ ಎಂದರೆ ಅಣ್ಣತಮ್ಮಂದಿರು ಹಿಸ್ಸೆಯಾದರೇನೋ ಎಂದು ಜನ ಕೇಳಿಯಾರು. ‘ಜಂಟಿ ಖಾತೆ’ಯನ್ನು ಬ್ಯಾಂಕಿನವರೂ ಕಂದಾಯದವರೂ ಮೊದಲೇ ಕಬಳಿಸಿದ್ದಾರೆ. ‘ಹಲವು ಕೈಗಳ ಖಾತೆ’ ಎಂಬುದು ನಮಗೆ ಹಿಡಿಸಿತು. ಆದರೆ ಪಂಡಿತರಿಗೆ ಅದು ತೀರಾ ಸಾದಾ ಅನ್ನಿಸಬಹುದು. ಅವರು ಕಮಿಟಿ ಮಾಡಿ ಗೆಜೆಟ್ಟಿನಲ್ಲಿ ಛಾಪಿಸುವ ಹೆಸರು ಇಮಾಮಿಯ ದಾರಿ ಹಿಡಿಯುತ್ತದೆಯೋ ಬಾಕಿಯ ದಾರಿ ಹಿಡಿಯುತ್ತದೆಯೋ ಹೇಳಲಾಗದು.

ಜನರಂತೂ ಕಾಯುತ್ತಾ ಕೂತಿಲ್ಲ. ದೂರಸಂಪರ್ಕದ ಟ್ರಾಯ್ 2018ರ ಜುಲೈನಲ್ಲಿ ಒಂದು ನಿಯಮ ತಂದು, ಸಗಟು ಎಸ್ಸೆಮ್ಮೆಸ್ ಕಳಿಸುವ ವ್ಯಾಪಾರಿಗಳೆಲ್ಲ ಇದೇ ತಂತ್ರದ ಪುಸ್ತಕದಲ್ಲಿ ಹೆಸರು ನೋಂದಾಯಿಸಬೇಕು ಎಂದಿತು. ತೆರಿಗೆಯ ಕಾನೂನಿಗಿಂತ ಏಳು ವರ್ಷ ಮೊದಲೇ ಆ ಪದ ಅಲ್ಲಿತ್ತು. 2021ರ ಮಾರ್ಚ್ 8ರಂದು ಅದನ್ನು ಬಿಗಿಯಾಗಿ ಜಾರಿ ಮಾಡಿದಾಗ ದೇಶದ ತುಂಬ ಬ್ಯಾಂಕುಗಳ ಒಟಿಪಿಗಳೇ ಬಾರದೆ ದುಡ್ಡಿನ ವ್ಯವಹಾರ ನಿಂತಿತು. ಮರುದಿನವೇ ಏಳು ದಿನಗಳ ಮಟ್ಟಿಗೆ ಅದನ್ನು ತಡೆಹಿಡಿಯಬೇಕಾಯಿತು. ಅಂದಿನಿಂದ ಹಬ್ಬಕ್ಕೆ ಗಿರಾಕಿಗಳಿಗೆ ಸಂದೇಶ ಕಳಿಸಬೇಕೆಂಬ ಬಟ್ಟೆ ಅಂಗಡಿಯವರು ಮೂರೇ ಅಕ್ಷರಗಳಲ್ಲಿ ಕೆಲಸ ಮುಗಿಸುತ್ತಾರೆ: “ಡಿಎಲ್‌ಟಿ ಮಾಡಿಸಿದ್ದೀರಾ ಭಾಯ್?”